ಎರಡು ವ್ಯಾನು, ಒಂದು ಸೇರು

ನಾನು ಬಿ.ಎ. ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಸಾರಿದ್ದವರು ನಮ್ಮೂರ ಪಟೇಲರು. ಪಾಸಾದ ಮೇಲೆ, ಮೈಸೂರಿನ ಘಟಿಕೋತ್ಸವಕ್ಕೆ ತಮ್ಮ ಪಿಕಪ್ ವ್ಯಾನಿನಲ್ಲೇ ಹೋಗಬೇಕೆಂದರು. ಗುಂಡ್ಲುಪೇಟೆಯ ಅವರ ಭಾವಮೈದನೂ ಅಂಥದೇ ವ್ಯಾನು ತಂದು ನಿಲ್ಲಿಸಿದ. ದಾರಿಯ ಹಳ್ಳದ ಬಂಡೆ ದಾಟಲು ಯಾವುದರ ತಳ ಎತ್ತರ ಎಂಬ ಜಗಳ ಸಂತೆಮರಹಳ್ಳಿಯ ಗ್ಯಾರೇಜು ಮೇಸ್ತ್ರಿಯ ಮುಂದೆ ಬಂತು. ನನಗೆ ಹೊತ್ತು ಮೀರೀತೆಂಬ ಚಡಪಡಿಕೆ. ಸಭೆಯಲ್ಲಿ ನನ್ನ ಹೆಸರು ಕೂಗುವುದನ್ನು ಕೇಳಲೆಂದೇ ಅವ್ವ ಹೊರಟಿದ್ದಳು.

ಮೇಸ್ತ್ರಿ ಟೇಪು ಮುಟ್ಟುವವನಲ್ಲ. ಬೀಡಿಯನ್ನು ಕಿವಿಗೆ ಸಿಕ್ಕಿಸಿ, ವ್ಯಾನಿನಡಿ ಅಂಗಾತ ಮಲಗಿ, ರಾಗಿ ಅಳೆಯುವ ಸೇರನ್ನು ಹಿಂದಿನ ಗಾಲಿಗಳ ಅಚ್ಚಿನ ಕೆಳಗೆ ತೂರಿಸುತ್ತಿದ್ದ.

"ನಂದು ಒಂದ್ ಗೇಣು ಎತ್ರ ಕಣಯ್ಯ, ಕಮಾನು ಪಟ್ಟಿ ಸೇರ್ಸಿವ್ನಿ," ಎಂದ ಭಾವಮೈದ.

"ಮ್ಯಾಕ್ ನೋಡ್ಬ್ಯಾಡಿ, ಕೆಳಕ್ ನೋಡಿ," ಮೇಸ್ತ್ರಿಯದು ಯಾವಾಗಲೂ ಇದೇ ಮಾತು. "ಪಟ್ಟಿ ಆಕುದ್ರೆ ಗಾಡಿ ಮೈ ಏಳ್ತದೆ, ಅಚ್ಚು ಏಳ್ತದಾ?"

ಎರಡರಡಿಯೂ ಸೇರು ಒಂದೇ ಸಮ ಹಿಡಿಸಿತು.

"ನಿನ್ ಸೇರೇ ಸುಳ್ಳು!" ಎಂದರು ಪಟೇಲರು.

"ಅಂಗಾರೆ ಓದ್ದೋರ್ನೇ ಮಲಗ್ಸನ. ಅವ್ರು ಸುಳ್ಳೇಳಾಕಿಲ್ಲ."

ಹೊಸ ಕೋಟಿನಲ್ಲೇ ಎರಡು ವ್ಯಾನಿನಡಿಯೂ ಮಲಗಿದೆ. ಎರಡು ಅಚ್ಚೂ ಮೂಗಿಗೆ ಅಷ್ಟಷ್ಟೇ ಗ್ರೀಸು ಬಳಿದವು.

ಸಮ ಎಂದಾದ್ದರಿಂದ ಎರಡೂ ಹೊರಟವು; ಸೇರು ಹಿಡಿದು ಮೇಸ್ತ್ರಿಯೂ ಹತ್ತಿದ. ನಾನೂ ಅವ್ವನೂ ಅದರಲ್ಲಿ ಅರ್ಧ ದಾರಿ, ಇದರಲ್ಲಿ ಅರ್ಧ ದಾರಿ. ತಲುಪುವಾಗ ಸಭೆ ಮುಗಿದಿತ್ತು. ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತರು ಅವ್ವನ ಮುಖ ನೋಡಿ, ಎದ್ದು ನಿಂತು, ನನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಸರ್ಟಿಫಿಕೇಟು ಕೊಟ್ಟರು.

ಹೊರಗೆ, ಆ ಸರ್ಟಿಫಿಕೇಟು ಯಾರ ವ್ಯಾನಿನಲ್ಲಿ ಊರಿಗೆ ಹೋಗಬೇಕೆಂಬ ಜಗಳ ಎದ್ದಿತ್ತು. ಮೇಸ್ತ್ರಿ ಆಗಲೇ ಸೇರಿನೊಂದಿಗೆ ವ್ಯಾನಿನಡಿಗೆ ಜಾರಿದ್ದ. ಅವ್ವ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಬಾ ಮಗ, ಬಸ್ಸಲ್ಲೇ ಓಗನ."