ಹಳೆ ಮೀನು, ಹೊಸ ಮೀನು

ಒಂಬತ್ತನೇ ಕ್ಲಾಸಿನಲ್ಲಿ ಒಂದು ಶುಕ್ರವಾರ ವಿಜ್ಞಾನದ ಸಾರ್ ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಬದಿಗೆ ಭೌತಶಾಸ್ತ್ರ, ಇನ್ನೊಂದು ಬದಿಗೆ ಜೀವಶಾಸ್ತ್ರ ಎಂದು ಬರೆದರು. ಶಾಲೆಯ ವಿಜ್ಞಾನ ಮೇಳಕ್ಕೆ ಯಾರು ಏನು ಮಾಡುತ್ತೀರೆಂದು ಯೋಚಿಸಿ ಸೋಮವಾರ ಹೆಸರು ಬರೆಸಿ ಎಂದರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗೆ ಭೌತಶಾಸ್ತ್ರವೇ ಬೇಕಿತ್ತು. ಅದರಲ್ಲಿ ಬಲ್ಬು ಹತ್ತುತ್ತದೆ, ಬೆಲ್ಲು ಹೊಡೆಯುತ್ತದೆ, ನೋಡುವವರು ಬಾಯಿ ಬಿಡುತ್ತಾರೆ. ಆದರೆ ಸೋಮವಾರ ನಾನು ಹೋಗುವಷ್ಟರಲ್ಲಿ ಬಲ್ಬು, ಬೆಲ್ಲು, ಪೆರಿಸ್ಕೋಪು ಎಲ್ಲ ಬೇರೆಯವರ ಪಾಲಾಗಿತ್ತು. ಬುದ್ಧಿವಂತರು ಶುಕ್ರವಾರ ಸಂಜೆಯೇ ಸಾರನ್ನು ಗೇಟಿನ ಹತ್ತಿರ ಹಿಡಿದು ಹೆಸರು ಬರೆಸಿದ್ದರು. ಸೋಮವಾರ ಎಂದರೆ ಸೋಮವಾರ ಎಂದು ಕಾದ ಪೆದ್ದಿ ನಾನೊಬ್ಬಳೇ.

"ನಿಮ್ಮ ಮನೆಯಲ್ಲಿ ಏನಿದೆಯೋ ಅದರ ಮೇಲೆಯೇ ಮಾಡು" ಎಂದರು ಸಾರ್.

ನಮ್ಮ ಮನೆಯಲ್ಲಿ ಇದ್ದದ್ದು ಮೀನು. ಅಪ್ಪ ಗಂಗೊಳ್ಳಿಯ ಬೋಟಿಗೆ ಹೋಗುತ್ತಿದ್ದರು. ಅಬ್ಬಿ, ಎಂದರೆ ನನ್ನ ತಾಯಿ, ಬೀಜಾಡಿಯ ಸುತ್ತಮುತ್ತ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ಸಾರ್ ಘಟ್ಟದ ಮೇಲಿನವರು, ಮೀನು ಮುಟ್ಟದವರು. ಅವರೇ ಖುಷಿಯಿಂದ 'ತಾಜಾ ಮೀನನ್ನು ಗುರುತಿಸುವುದು ಹೇಗೆ?' ಎಂದು ಹೆಸರಿಟ್ಟು, ಜೀವಶಾಸ್ತ್ರದ ಬದಿಯಲ್ಲಿ ಬರೆದೂಬಿಟ್ಟರು. ನಾನು ತಲೆಯಾಡಿಸಿದೆ. ಆಗ ಅದರಲ್ಲಿ ನನಗೆ ಏನೂ ಅಪಾಯ ಕಾಣಲಿಲ್ಲ.

ಅಂದು ಸಂಜೆ ಅಬ್ಬಿ ಬಾವಿಕಟ್ಟೆಯ ಹತ್ತಿರ ಬುಟ್ಟಿ ತೊಳೆಯುತ್ತಿದ್ದಳು. ನಾನು ನೋಟು ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತೆ. ಅಬ್ಬಿ ಶಾಲೆಗೆ ಹೋದವಳಲ್ಲ. ಮಗಳು ಪೆನ್ನು ಬಿಚ್ಚಿ ತನ್ನ ಮಾತು ಬರೆದುಕೊಳ್ಳುತ್ತಾಳೆಂದರೆ ಅವಳಿಗೆ ನಾಚಿಕೆಯೂ ಸಂಭ್ರಮವೂ ಒಟ್ಟಿಗೇ ಆಯಿತು.

"ಕಣ್ ಮಂಕಾಯಿದ್ರೆ ಹಳತ್. ಬೆರಳಲ್ ಒತ್ತಿ ಕಾಣ್, ಗುಳಿ ಹಾಂಗೇ ಉಳದ್ರೆ ಬ್ಯಾಡ. ಕೆಮಿ ಎತ್ತಿ ಕಾಣ್, ಕೆಂಪಿದ್ರೆ ಇವತ್ತಿಂದ್, ಕಂದಿದ್ರೆ ಮೊನ್ನೆದ್."

ಪುಸ್ತಕದಲ್ಲಿ ಕಿವಿರು ಎಂದಿರುವುದು ಅವಳಿಗೆ ಕೆಮಿ. ನಾನು ಕಿವಿರು ಎಂದೇ ಬರೆದುಕೊಂಡೆ. ಮಾತಿನ ಹುರುಪಿನಲ್ಲಿ ಅವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಐಸ್ ನೀರಲ್ ಅದ್ದಿ ತೆಗದ್ರೆ ಹಳೆ ಮೀನ್ ಮೈಯೂ ಹೊಳಿತ್. ಕೆಮಿ ಮಾತ್ರ ಸುಳ್ಳ್ ಹೇಳುದಿಲ್ಲ ಮಗಾ."

ಅದನ್ನೂ ಬರೆದೆ. ಮರುದಿನ ಸಾರ್ ಓದಿ, ಇದು ಯಾವ ಪುಸ್ತಕದಲ್ಲೂ ಸಿಗದ ವಿಷಯ ಎಂದು ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮನೆಗೆ ನಡೆದು ಬರುವಾಗ, ದಾರಿಯಲ್ಲಿ ಪೆರಿಸ್ಕೋಪು ಮಾಡಲಿದ್ದ ಹುಡುಗನ ಮನೆ ಕಂಡು ನಿಂತುಬಿಟ್ಟೆ. ಅದು ಅಬ್ಬಿಯ ಮೊದಲ ಗಿರಾಕಿಯ ಮನೆ. ಮೇಳಕ್ಕೆ ಬರುವವರೆಲ್ಲ ಅಬ್ಬಿಯ ಗಿರಾಕಿಗಳೇ.

ಬೋಟು ಬಾರದ ದಿನ ಅಬ್ಬಿ ಐಸಿನಲ್ಲಿಟ್ಟ ಮೀನು ತರುತ್ತಿದ್ದಳು. ಕೆಟ್ಟದ್ದನ್ನು ಎಂದೂ ಮಾರಿದವಳಲ್ಲ. ಅಡುಗೆ ಮಾಡಿ ಉಂಡರೆ ಯಾರಿಗೂ ಏನೂ ಆಗದ ಮೀನೇ ಅದು. ಆದರೆ ಅಂಗಳದಲ್ಲಿ ನಿಂತು "ಈಗ್ ಬಂದ್ ಮೀನ್ ಅಮ್ಮ" ಎನ್ನುತ್ತಿದ್ದಳು. ಮನೆಯವರು ಕೆಮಿ ನೋಡದೆ ಅವಳ ಮಾತು ನಂಬಿ ಬುಟ್ಟಿಗೆ ಕೈ ಹಾಕುತ್ತಿದ್ದರು. ಆ ಒಂದು ನಂಬಿಕೆಯಿಂದ ನಮ್ಮ ಒಲೆ ಉರಿಯುತ್ತಿತ್ತು. ನಾನು ಅದೇ ಮನೆಯವರನ್ನು ಶಾಲೆಗೆ ಕರೆದು, ಕೆಮಿ ಎತ್ತಿ ನೋಡಿ ಎಂದು ಪಾಠ ಹೇಳಲು ಹೊರಟಿದ್ದೆ.

ಬೆಳಗಾದ ಕೂಡಲೇ ಸಾರ್ ಹತ್ತಿರ ಹೋದೆ. "ಸಾರ್, ನಂಗ್ ಭೌತಶಾಸ್ತ್ರ ಕೊಡಿ."

"ಯಾಕೆ?"

ನಿಜವಾದ ಕಾರಣ ಹೇಳಿದರೆ ಅಬ್ಬಿಯನ್ನು ನಾನೇ ಹಿಡಿದುಕೊಟ್ಟ ಹಾಗೆ. ಬಾಯಿಗೆ ಬಂದದ್ದು ಹೇಳಿದೆ. "ವಾಸನೆ ಬತ್ತ್ ಸಾರ್."

ಸಾರ್ ಪಾಪ ಬೇರೆಯೇ ತಿಳಿದುಕೊಂಡರು. ಹೆತ್ತವರ ಕಸುಬಿಗೆ ನಾಚಿಕೊಳ್ಳಬಾರದು ಎಂದು ಎಲ್ಲರೆದುರು ಒಂದು ಭಾಷಣವನ್ನೇ ಬಿಗಿದರು. ಮೀನು ತಿನ್ನದ ತಾನೇ ಸಹಿಸುತ್ತೇನೆ, ನಿನಗೇನು ಕಷ್ಟ ಎಂದರು. ಹುಡುಗರು ಕಿಸಿಕಿಸಿ ನಕ್ಕರು. ಯಾರ ಮೇಲೆ ಸಿಟ್ಟು ಮಾಡುವುದು ಎಂದು ನನಗೆ ಗೊತ್ತಾಗಲಿಲ್ಲ. ನನ್ನ ಹೆಸರು ಜೀವಶಾಸ್ತ್ರದ ಬದಿಯಲ್ಲೇ ಉಳಿಯಿತು.

ಅಬ್ಬಿಗಾದರೂ ಹೇಳಬೇಕಿತ್ತು. ನಾಳೆ ನಾಳೆ ಎಂದು ದಿನ ದೂಡಿದೆ. ಮೇಳದ ದಿನ ಬೆಳಿಗ್ಗೆ ಅವಳೇ ಕೇಳಿದಳು, "ಮೀನ್ ಬೇಕಲ್ದಾ ನಿಂಗೆ? ಎಂತದ್ ಕೊಡ್ಲಿ?"

"ಒಂದ್ ಹೊಸ್ತ್, ಒಂದ್ ಹಳತ್" ಎಂದೆ.

ಅಬ್ಬಿ ಮಾರಲು ತುಂಬಿಸಿಟ್ಟ ಬುಟ್ಟಿಯೊಳಗೆ ಕೈ ಹಾಕಿ ಎರಡು ಬಂಗುಡೆ ತೆಗೆದಳು. ಎರಡೂ ಅದೇ ಬುಟ್ಟಿಯಿಂದ. "ಇದ್ ಇವತ್ತಿಂದ್. ಇದ್ ಮೊನ್ನೆದ್. ಅದಲು ಬದಲು ಮಾಡ್ಬೇಡ" ಎಂದು ಬಾಳೆಎಲೆಯಲ್ಲಿ ಬೇರೆಬೇರೆಯಾಗಿ ಕಟ್ಟಿಕೊಟ್ಟಳು. ನನ್ನ ಮುಖವನ್ನು ನೋಡಲಿಲ್ಲ. ನಾನೂ ನೋಡಲಿಲ್ಲ.

ಮೇಳದಲ್ಲಿ ಪೆರಿಸ್ಕೋಪಿಗಿಂತ ನನ್ನ ಮೇಜಿಗೇ ಜನ ಹೆಚ್ಚು. ಒಬ್ಬೊಬ್ಬರಾಗಿ ಬಂದು ಕಿವಿರು ಎತ್ತಿ ನೋಡಿದರು. ದನಿ ತಗ್ಗಿಸಿ ಬೇಗಬೇಗ ಮುಗಿಸಲು ನೋಡಿದರೆ, ಸಾರ್ ಹಿಂದಿನಿಂದ "ಗಟ್ಟಿಯಾಗಿ, ಗಟ್ಟಿಯಾಗಿ" ಎನ್ನುತ್ತಿದ್ದರು. ಐಸ್ ನೀರಿನ ವಿಷಯವನ್ನು ನಾನು ಬಿಟ್ಟೆ, ಸಾರ್ ತಾವೇ ಸೇರಿಸಿದರು. ನನಗೆ ಮೊದಲ ಬಹುಮಾನ ಬಂತು.

ಮರುದಿನ ಭಾನುವಾರ. ರಜೆಯ ದಿನ ನಾನು ಅಬ್ಬಿಯ ಜೊತೆ ಹೋಗುವುದಿತ್ತು. ಹೊಟ್ಟೆನೋವು ಎಂದು ಮಲಗಬಹುದಿತ್ತು, ಅವಳನ್ನು ಒಬ್ಬಳೇ ಕಳಿಸಲು ಮನಸ್ಸಾಗಲಿಲ್ಲ. ಅಂದು ಬೋಟು ಬಂದಿರಲಿಲ್ಲ. ಪೆರಿಸ್ಕೋಪಿನ ಹುಡುಗನ ಅಜ್ಜಿ ಅಂಗಳಕ್ಕೆ ಇಳಿದು ಬಂದರು. ಅಬ್ಬಿ ಬುಟ್ಟಿ ಇಳಿಸಿ, ರೂಢಿಯ ಬಾಯಿಯಲ್ಲಿ, "ಈಗ್ ಬಂದ್ ಮೀನ್ ಅಮ್ಮ" ಎಂದಳು.

ಅಜ್ಜಿ ನಗುತ್ತ ಒಂದು ಬಂಗುಡೆಯನ್ನೆತ್ತಿ ಕೆಮಿ ಬಿಡಿಸಿದರು. ಒಳಗೆ ಕಂದು ಬಣ್ಣ.

"ಹ್ವಾಯ್, ಇದೆಂತ ಮಾರಾಯ್ತಿ? ನಿನ್ನೆ ನಿನ್ ಮಗ್ಳ್ ಹೇಳದ್ ತಪ್ಪಾ, ಈಗ್ ನೀ ಹೇಳದ್ ತಪ್ಪಾ?"

ಅವರು ಕೆಟ್ಟವರಲ್ಲ, ತಮಾಷೆಗೇ ಕೇಳಿದ್ದು. ಮಗಳಿಗೆ ಏನು ಗೊತ್ತಮ್ಮ, ಮಕ್ಕಳಾಟ, ಎಂದು ಅಬ್ಬಿ ಒಂದು ಮಾತು ಹೇಳಿ ತೇಲಿಸಿಬಿಡಲಿ ಎಂದು ನಾನು ಊರಿನ ದೇವರಿಗೆಲ್ಲ ಮೊರೆಯಿಟ್ಟೆ. ಬಾಯಲ್ಲಿ ದೇವರನ್ನೂ ಸೋಲಿಸುವ ಹೆಂಗಸು ಅವಳು.

ಅಬ್ಬಿ ಸೆರಗಿನಿಂದ ಕೈ ಒರೆಸಿಕೊಂಡಳು.

"ಮಗ್ಳ್ ಹೇಳದ್ ಸಮ ಇತ್ತ್ ಅಮ್ಮ. ಅವ್ಳ್ ಕಲ್ತವ್ಳ್. ನಾನ್ ಹೇಳದ್ದೇ ಸುಳ್ಳ್."

ಅಜ್ಜಿಯ ನಗು ನಿಂತಿತು. ಅವರು ಮೀನನ್ನು ಮೆಲ್ಲನೆ ಬುಟ್ಟಿಗೆ ಹಾಕಿ, ಇವತ್ತು ಬೇಡ ಎಂದು ಒಳಗೆ ಹೋದರು. ಯಾವಾಗಲೂ ಅಬ್ಬಿಯ ತಲೆಗೆ ಬುಟ್ಟಿ ಎತ್ತಿಕೊಡುತ್ತಿದ್ದವರು ಅವರೇ. ಅಬ್ಬಿ ತಲೆಯ ಮೇಲಿನ ಬಟ್ಟೆಯ ಸಿಂಬೆ ಸರಿಮಾಡಿಕೊಂಡು ಕುಕ್ಕರಗಾಲಿನಲ್ಲಿ ಕಾದಳು. ನಾನು ಬುಟ್ಟಿಯ ಅಂಚಿಗೆ ಕೈ ಕೊಟ್ಟು ಎತ್ತಿದೆ. ಒಂದು ಮೀನೂ ಕಡಿಮೆಯಾಗಿರಲಿಲ್ಲ.