ಟೊಕ್ತಾರನ ತೊಟ್ಟಿಯಲ್ಲಿ ಯಾರಿಗೆ ಜಾಗ

ನಮ್ಮ ಕರಗಂಡಾ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವ ಟೊಕ್ತಾರ್ ನನ್ನ ಮೇಲಿನ ಮನೆಯವನು. ದಿನವಿಡೀ ಏರಿ ಇಳಿದು ಸಂಜೆ ಮನೆಗೆ ಬಂದರೆ, ಆ ಎರಡು ಕೋಣೆಯ ಮನೆಯಲ್ಲಿ ಅವನ ಕುರ್ಚಿಯ ಮೇಲೆ ಯಾರಾದರೂ ನೆಂಟರು ಕೂತಿರುತ್ತಿದ್ದರು. ಹಲ್ಲು ಕೀಳಿಸಲು ಹಳ್ಳಿಯಿಂದ ಬಂದ ಅತ್ತಿಗೆ, ಪರೀಕ್ಷೆ ಬರೆಯಲು ಬಂದ ತಮ್ಮನ ಮಗಳು, ಯಾಕೆ ಬಂದನೆಂದು ಯಾರಿಗೂ ನೆನಪಿಲ್ಲದ ಒಬ್ಬ ಮುದುಕ. ಬಂದವರನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಟೊಕ್ತಾರನ ಬಾಯಲ್ಲಂತೂ ಆ ಮಾತು ಹುಟ್ಟುತ್ತಲೇ ಇರಲಿಲ್ಲ. ನಿಟ್ಟುಸಿರು ಬಿಡುತ್ತಿದ್ದ, ಅಷ್ಟೇ. ಅದು ನೆಲ ದಾಟಿ ಕೆಳಗಿನ ನನ್ನ ಮನೆಗೂ ಕೇಳಿಸುತ್ತಿತ್ತು.

ಅವನು ದೊರೆಯಾಗಿದ್ದುದು ಒಂದೇ ಕಡೆ, ಅಡುಗೆಮನೆಯ ಮೂಲೆಯಲ್ಲಿದ್ದ ಅರವತ್ತು ಲೀಟರಿನ ಗಾಜಿನ ಮೀನುತೊಟ್ಟಿಯಲ್ಲಿ. ಆ ಸಾಮ್ರಾಜ್ಯದೊಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ಒಂದು ಚಳಿಗಾಲವಿಡೀ ಯೋಚಿಸಿದ್ದ. ಸಿಂಹಾಸನಕ್ಕೆ ಒಂದು ಜೋಡಿ ಕುಬ್ಜ ಸಿಕ್ಲಿಡ್ ಮೀನು. ಗಂಡು ಬೆರಳುದ್ದ, ಬೆನ್ನ ಮೇಲೆ ನಮ್ಮ ಹಳೆಯ ಖಾನ ದೊರೆಗಳ ಕಿರೀಟದಂಥ ರೆಕ್ಕೆ. ಹೆಣ್ಣು ಅದರ ಅರ್ಧ, ನೋಡಲು ಏನೂ ಇಲ್ಲ. ತಳವೆಲ್ಲ ಈ ಜೋಡಿಯದು. ಆದ್ದರಿಂದ ತಳ ಕೆದಕುವ ಬೆಕ್ಕುಮೀನು ಬೇಡ, ಮೊಟ್ಟೆ ಇಟ್ಟ ಕೂಡಲೇ ಯುದ್ಧವಾಗುತ್ತದೆ. ಬಾಲ ಕಚ್ಚುವ ಬಾರ್ಬ್ ಬೇಡ. ನಾಳೆ ಅಂಗೈಯಗಲ ಬೆಳೆದು ನಿಲ್ಲುವ ಏಂಜೆಲ್ ಬೇಡ. ನೀರಿನ ಮೇಲ್ಭಾಗದಲ್ಲಿ ತಮ್ಮ ಪಾಡಿಗೆ ತಾವು ತೇಲುವ ಪೆನ್ಸಿಲ್ ಮೀನುಗಳ ಒಂದು ಸಣ್ಣ ಹಿಂಡಿಗೆ ಮಾತ್ರ ಪ್ರವೇಶ ಸಿಕ್ಕಿತು.

"ಇವು ಕೆಳಗಿಳಿಯಲ್ಲ, ಅವು ಮೇಲೆ ಬರಲ್ಲ. ಲಿಫ್ಟ್ ಇಲ್ಲದ ಮನೆ," ಎಂದು ನನಗೆ ಹೇಳಿದ್ದ. ನಾನು ಅವನ ಬಾಯಿಂದ ಕೇಳಿದ ಒಂದೇ ಹಾಸ್ಯ ಅದು.

"ಇದರೊಳಗೆ ಬರೋಕಿರೋ ಕಟ್ಟುನಿಟ್ಟು ಮನೆಯೊಳಗೆ ಬರೋಕೂ ಇದ್ದಿದ್ರೆ ನಾನು ಯಾವತ್ತೋ ಕಾಲು ಚಾಚಿ ಮಲಗ್ತಿದ್ದೆ," ಎಂದಳು ಅವನ ಹೆಂಡತಿ ರೌಶನ್.

ಆ ಜೋಡಿ ತೆಂಗಿನ ಚಿಪ್ಪಿನ ಗವಿಯಲ್ಲಿ ಎಷ್ಟೋ ಸಲ ಮೊಟ್ಟೆ ಇಟ್ಟಿತ್ತು. ಪ್ರತಿ ಸಲವೂ ಅವು ಮಾಯವಾಗಿದ್ದವು. ಈ ವರ್ಷ ಹಿಮ ಕರಗುವ ಹೊತ್ತಿಗೆ ಮೊದಲ ಬಾರಿಗೆ ಮರಿಗಳು ಹೊರಬಂದವು. ಹೆಣ್ಣು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಧೂಳಿನ ಮೋಡದಂಥ ಮರಿಗಳನ್ನು ಹಿಂದೆ ಹಾಕಿಕೊಂಡು ಮೆರವಣಿಗೆ ಹೊರಟಿತು. ಟೊಕ್ತಾರ್ ಉಸಿರು ಬಿಗಿಹಿಡಿದು ನೋಡುತ್ತಿರುವಾಗಲೇ ಫೋನ್ ಬಂತು. ಅಕ್ಕನ ಮಗ ಜೋಲಾಮನ್ ಶನಿವಾರ ಬರುತ್ತಾನಂತೆ.

ಟೊಕ್ತಾರನ ಮುಖ ಬಿಳಿಚಿಕೊಂಡಿತು. ನಮ್ಮಲ್ಲಿ ಸೋದರಳಿಯ ಮಾವನನ್ನು ಜೀವಮಾನದಲ್ಲಿ ಮೂರು ಸಲ ಏನು ಬೇಕಾದರೂ ಕೇಳಬಹುದು, ಮಾವ ಕೊಡಲೇಬೇಕು. ಮೀಸೆ ಚಿಗುರಿದ ವರ್ಷ ಜೋಲಾಮನ್ ಕೇಳಿದ್ದು ಮಾವನ ಸೈಡ್‌ಕಾರ್ ಮೋಟಾರ್ ಸೈಕಲ್. ಮದುವೆಯ ದಿನ ಕೇಳಿದ್ದು ಮಾವ ತೊಟ್ಟಿದ್ದ ನರಿಯ ತುಪ್ಪಳದ ಟೋಪಿ, ಅದೂ ಜನವರಿಯಲ್ಲಿ. ಮೂರನೆಯದು ಇಪ್ಪತ್ತು ವರ್ಷದಿಂದ ಬಾಕಿ. ಈಗ ಲಾರಿ ಓಡಿಸುವ ಜೋಲಾಮನನಿಗೂ ಮೀನಿನ ಹುಚ್ಚು. ಅವನ ಬಳಿ ತಟ್ಟೆಯಷ್ಟು ದೊಡ್ಡದೊಂದು ಆಸ್ಕರ್ ಮೀನಿತ್ತು. ಈ ಸಂಸಾರವನ್ನು ಅವನು ಕೇಳಿ ಒಯ್ದರೆ ಮರಿಗಳು ದಾರಿಯಲ್ಲೇ ಸಾಯುತ್ತವೆ, ಉಳಿದವರು ಆಸ್ಕರನ ಊಟವಾಗುತ್ತಾರೆ.

ಟೊಕ್ತಾರ್ ತೊಟ್ಟಿಗೆ ಕಸೂತಿ ಬಟ್ಟೆ ಹೊದಿಸಿ, ಮುಂದೆ ಚಹಾದ ನೀರು ಕಾಯಿಸುವ ಸಮೊವಾರ್ ಇಟ್ಟ.

"ಮುಚ್ಚಿಟ್ಟಿದ್ದರ ಮೇಲೇ ಅವನ ಕಣ್ಣು ಬೀಳೋದು," ಎಂದಳು ರೌಶನ್.

ಜೋಲಾಮನ್ ಕುದುರೆ ಮಾಂಸದ ಉದ್ದನೆಯ ಸಾಸೇಜನ್ನು ಹೆಗಲಿಗೆ ಹಾಕಿಕೊಂಡು, ಗೆದ್ದ ಸೇನಾಪತಿಯಂತೆ ಬಂದ. ಬಾಗಿಲು ತುಂಬುವ ಆಳು. ಚಹಾ ಕುದಿಯುವ ಮೊದಲೇ ಬಟ್ಟೆ ಎತ್ತಿದ. ಒಳಗೆ ಹಳದಿ ಹೆಣ್ಣು ತನಗಿಂತ ಎರಡರಷ್ಟಿದ್ದ ಗಂಡನನ್ನು ಮೂಲೆಯಿಂದ ಮೂಲೆಗೆ ಅಟ್ಟುತ್ತಿತ್ತು. ಕಿರೀಟ ಹರಿದ ಖಾನ ಹೀಟರಿನ ಹಿಂದೆ ಅವಿತುಕೊಂಡ.

"ಏನು ಮಾವ, ಇವನಿಗೆ ಈ ಗತಿ?"

"ಮರಿ ಬಂದಿವೆ. ಈಗ ಅವನು ಅವಳಿಗೆ ಗಂಡನಲ್ಲ, ಕಳ್ಳ. ಬೇರೆ ಇಡಬೇಕು."

ಜೋಲಾಮನ್ ಬಗ್ಗಿ ಹೀಟರಿನ ಹಿಂದಿದ್ದವನನ್ನು ನೋಡಿದ. ಆಮೇಲೆ, "ಮಾವ, ನಂದೊಂದು ಕೋರಿಕೆ ಬಾಕಿ ಇದೆಯಲ್ಲ," ಎಂದ.

ಟೊಕ್ತಾರ್ ಫ್ರಿಜ್ಜಿಗೆ ಒರಗಿದ. "ಕೇಳಪ್ಪ."

"ಈ ತೊಟ್ಟಿ ಕೆಳಗೆ ಸ್ವಲ್ಪ ಜಾಗ. ಹಾಸಿಗೆ ಹಾಸ್ಕೊಂಡು ಇರ್ತೀನಿ. ಹೆಂಡತಿ ನನ್ನ ಹೊರಗೆ ಹಾಕಿದಾಳೆ."

"ತಗೋ," ಎಂದ ಟೊಕ್ತಾರ್, ಅವನ ಮಾತು ಮುಗಿಯುವ ಮೊದಲೇ.

ರೌಶನ್ ಸೌಟನ್ನು ಕೆಳಗಿಟ್ಟಳು. "ಅಯ್ಯೋ ಪೆದ್ದೇ, ಕೇಳದೇ ಇದ್ರೂ ಇಲ್ಲಿ ಊರೆಲ್ಲ ಮಲಗುತ್ತೆ. ಅದಕ್ಕೆ ಕೋರಿಕೆ ಖರ್ಚು ಮಾಡಿದ್ಯಲ್ಲೋ. ನೀನು ಹೀಗಿರೋದಕ್ಕೇ ಅವಳು ಹೊರಗೆ ಹಾಕಿದ್ದು."

ಜೋಲಾಮನ್ ನಾಚಿಕೆಯಿಂದ ಕೆಳಗೆ ಹೋಗಿ, ಕುರಿತುಪ್ಪಳದ ಕೋಟು ಸುತ್ತಿದ ಬಕೆಟ್ ತಂದ. ಅದರೊಳಗಿಂದ ಆಸ್ಕರ್ ಬಾಯಿ ಕಳೆದು ನಮ್ಮೆಲ್ಲರನ್ನೂ ನೋಡಿತು. ಸದ್ದು ಕೇಳಿ ನಾನೂ ಅಷ್ಟರಲ್ಲಿ ಮೇಲೆ ಹೋಗಿದ್ದೆ.

"ಇವನನ್ನೂ ಹೊರಗೆ ಹಾಕಿದಾಳೆ. ಮಾವ, ನಾಲ್ಕು ದಿನ ನಿನ್ನ ತೊಟ್ಟೀಲಿ ಬಿಡೋಣ. ಬಹಳ ಸಾಧು."

"ಏನು ತಿಂತಾನೆ?"

"ಮೀನು."

ಟೊಕ್ತಾರ್ ತೊಟ್ಟಿಯನ್ನು ನೋಡಿದ. ಬಕೆಟ್ ನೋಡಿದ. ತನ್ನ ಕುರ್ಚಿಯ ಮೇಲೆ ಕೂತಿದ್ದ ಮುದುಕನನ್ನೂ ನೋಡಿದ.

"ಆಗಲ್ಲ," ಎಂದ.

ಮುದುಕ ಚಹಾದ ಬಟ್ಟಲನ್ನು ಕೆಳಗಿಟ್ಟ. ರೌಶನ್ ಸ್ಟೂಲಿನ ಮೇಲೆ ಕುಸಿದು ಕೂತಳು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಟೊಕ್ತಾರನೇ. ಇನ್ನೊಂದು ಸಲ ಹೇಳಿ ನೋಡಿದ. "ಆಗಲ್ಲ ಅಳಿಯ. ಮೂರೂ ಮುಗಿದ್ವು."

ಆಸ್ಕರ್ ಬಚ್ಚಲುಮನೆಯ ಟಬ್ಬಿಗೆ ಹೋಯಿತು. ಗಂಡು ಸಿಕ್ಲಿಡ್ ಕಿಟಕಿಯ ಬಳಿಯ ಉಪ್ಪಿನಕಾಯಿ ಜಾಡಿಗೆ ಹೋಯಿತು. ಜೋಲಾಮನ್ ಜಾಡಿಯ ಕೆಳಗೆ ಹಾಸಿಗೆ ಬಿಚ್ಚಿದ.

"ಇವನನ್ನ ವಾಪಸ್ ಯಾವಾಗ ಬಿಡ್ತೀಯ ಮಾವ?"

"ಅವಳ ಹಳದಿ ಇಳೀಲಿ."

"ನನ್ನವಳದು ಇನ್ನೂ ಇಳಿದಿಲ್ಲ. ಬೆಳಿಗ್ಗೇನೇ ಫೋನ್ ಮಾಡಿದ್ದೆ."

ಮರಿಗಳು ಉಳಿದಿವೆ. ಈಗ ಅವುಗಳಿಗೂ ಸಣ್ಣ ಸಣ್ಣ ರೆಕ್ಕೆ ಕಾಣಿಸುತ್ತಿದೆಯಂತೆ. ಟಬ್ಬು ಮಾತ್ರ ಇನ್ನೂ ಖಾಲಿಯಾಗಿಲ್ಲ. ಹಾಗಾಗಿ ಆ ಮನೆಯವರೆಲ್ಲ, ಮುದುಕನೂ ಸೇರಿ, ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ನನ್ನ ಮನೆಗೆ ಇಳಿದು ಬರುತ್ತಾರೆ. ನಿನ್ನೆ ಟೊಕ್ತಾರ್ ತಲೆ ಒರೆಸಿಕೊಳ್ಳುತ್ತಾ ನನ್ನ ಕುರ್ಚಿಯಲ್ಲಿ ಕೂತ, ಕಾಲು ಚಾಚಿದ.

"ನಿಂಗೆ ತೊಂದರೆ ಏನಿಲ್ಲ ತಾನೇ?" ಎಂದು ಕೇಳಿದ.

ನಾನು ನಿಂತುಕೊಂಡೇ ನಿಟ್ಟುಸಿರು ಬಿಟ್ಟೆ. "ಏನಿಲ್ಲ, ಏನಿಲ್ಲ," ಎಂದೆ.