ಪಂಖಾ ಪಾರ್ಟಿ

ನಮ್ಮ ಬ್ಯಾಂಡು ಹುಟ್ಟಿದ್ದೇ ಕಿವಿ ಮಾಡಿದ ಮೋಸದಿಂದ. ತೊಂಬತ್ತರ ದಶಕದ ಮಧ್ಯದ ಮಾತು. ಬಸವಕಲ್ಯಾಣದಲ್ಲಿ ನನ್ನ ಗೆಳೆಯನ ಮಾಮು ಹೈದರಾಬಾದಿನಿಂದ ಒಂದು ಕ್ಯಾಸೆಟ್ ತಂದರು. ಹಾಕಿದರೆ ಯಾರೋ ಪರದೇಶದವರು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಟೇಪು ಸವೆದು ದನಿ ಗಡಗಡ ನಡುಗುತ್ತಿತ್ತು.

"ಇದೇನ್ರಿ ಮಾಮು, ಜಗಳದ ಕ್ಯಾಸೆಟ್ಟೇನು?" ಅಂದೆ.

"ಇಸ್ಕು ಪಂಕ್ ಬೋಲ್ತೆ" ಅಂದರು ಮಾಮು, ಇದಕ್ಕೆ ಪಂಕ್ ಅಂತಾರೆ ಎಂದು. ಬಾಯಿ ತುಂಬ ಪಾನ್. ನಮಗೆ ಕೇಳಿಸಿದ್ದು ಪಂಖಾ. ಪಂಖಾ ಅಂದರೆ ಫ್ಯಾನು. ಓಹೋ, ಇವರು ಫ್ಯಾನಿನ ಮುಂದೆ ನಿಂತು ಹಾಡುತ್ತಾರೆ, ಅದಕ್ಕೇ ದನಿ ನಡುಗುತ್ತದೆ! ಅಷ್ಟು ಜಾಣರು ನಾವು.

ಅವರ ಮನೆಯ ಟೇಬಲ್ ಫ್ಯಾನನ್ನು ಪಡಸಾಲೆಗೆ ತಂದು ಇಬ್ಬರೂ ಅದರ ಎದುರು ಕೂಗಿದೆವು. ನನ್ನ ದನಿ ತುಂಡು ತುಂಡಾಗಿ ಹೊರಬಿತ್ತು. ಗೆಳೆಯ ನನ್ನ ಮುಖವನ್ನೇ ನೋಡಿದ. ಅವನಿಗೆ ಉಗ್ಗು. ಶಾಲೆಯಲ್ಲಿ ಹಾಜರಿ ಕೂಗಿದರೆ 'ಯಸ್ ಸರ್' ಅನ್ನಲಾಗದೆ ಒದ್ದಾಡುತ್ತಿದ್ದ. ಹುಡುಗರು ಅವನಿಗೆ 'ಯಾ-ಯಾ' ಎಂದೇ ಹೆಸರಿಟ್ಟಿದ್ದರು.

"ನೀ-ನೀನೂ ನನ್ನಂಗ ಆದಿ ನೋಡಲೇ!" ಅಂದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹಾಗೆ ಪಂಖಾ ಪಾರ್ಟಿ ಶುರುವಾಯಿತು. ನನ್ನದು ತಾಶಾ ಬಡಿತ, ಅವನದು ಬ್ಯಾಂಜೋ ಮತ್ತು ಬಾಯಿ. ನಮ್ಮದು ಒಂದೇ ಹಾಡು, ಅದೂ ಹಾಡಲ್ಲ, ಕೂಗು. ಯಾಕ ನಳದಾಗ ನೀರಿಲ್ಲ? ಯಾಕ ಬಸ್ ನಿಂದ್ರಂಗಿಲ್ಲ? ಯಾಕ ಮಾಸ್ತರ ಹೊಡೀತಾರ? ಯಾವ ಅಕ್ಷರ ಅವನನ್ನು ಕಾಡುತ್ತಿತ್ತೋ ಅದರಿಂದಲೇ ಪ್ರತಿ ಸಾಲು ಶುರು. ಬೇರೆ ಪದ ಹಾಕೋಣ ಅಂದರೆ ಕೇಳಬೇಕಲ್ಲ, ಪುಣ್ಯಾತ್ಮ! ಮದುವೆ ಮೆರವಣಿಗೆಯಲ್ಲಿ ಕೈಗಾಡಿಯ ಮೇಲೆ ಜನರೇಟರು, ಅದರ ಪಕ್ಕ ಫ್ಯಾನು, ಫ್ಯಾನಿನ ಮುಂದೆ ಅವನು. ಹಿರಿಯರು ಕಿವಿ ಮುಚ್ಚಿಕೊಂಡರೆ ಹರೆಯದವರು ಧೂಳೆಬ್ಬಿಸಿ ಕುಣಿದರು.

ಒಮ್ಮೆ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಅವನು ಹೇಳಿದ: "ನನಗ ಒಂದೇ ಅಂಜಿಕಿ ಲೇ. ನಿ-ನಿಕಾಹದಾಗ ಮೂರು ಸಲ ಕು-ಕುಬೂಲ್ ಅನ್ನಬೇಕು. ಅಲ್ಲಿ ಪಂಖಾ ಇರಂಗಿಲ್ಲ. ಮಂದಿ ನ-ನಗ್ತಾರ."

"ಯಾವನರೆ ನಗಲಿ, ಹಲ್ಲು ಮುರೀತೀನಿ" ಅಂದೆ. ನನ್ನ ಸಿಟ್ಟು ಊರಿಗೇ ಗೊತ್ತಿತ್ತು, ಅವನು ನಂಬಿದ.

ಆಮೇಲೆ ಗುಲಬರ್ಗಾದ ಒಬ್ಬ ಕ್ಯಾಸೆಟ್ ಮಾಲೀಕ ನಮ್ಮನ್ನು ರೆಕಾರ್ಡಿಂಗಿಗೆ ಕರೆಸಿದ. ಅಲ್ಲಿ ಫ್ಯಾನು ಹಾಕಲು ಬಿಡಲಿಲ್ಲ, ಮೈಕಿನಲ್ಲಿ ಅದರ ಸದ್ದು ಬರುತ್ತದಂತೆ. ಗೆಳೆಯ ಬೆವೆತು ಹೋದ. ಬಾಯಿ ತೆರೆದರೆ "ಯಾ-ಯಾ-ಯಾಕ!" ನಿಲ್ಲಿಸಿ ಎಂದು ನಾನು ಕೈ ಎತ್ತಿದೆ. ಮಾಲೀಕ ಗಾಜಿನ ಆಚೆಯಿಂದ ಎದ್ದು ಓಡಿ ಬಂದ.

"ಏ ಹೀರೋ, ಏನ್ ಸ್ಟೈಲ್ ರೀ! ಇದೇ ಇರ್ಲಿ, ಬದಲಿ ಮಾಡಬ್ಯಾಡ್ರಿ."

ನಳ, ಬಸ್ಸು, ಮಾಸ್ತರ ಎಲ್ಲ ಹೋಗಿ ಅವುಗಳ ಜಾಗಕ್ಕೆ ಒಬ್ಬ ಹುಡುಗಿಯ ನಗು ಬಂತು. ಯಾ-ಯಾ-ಯಾಕ ಮಾತ್ರ ಉಳಿಯಿತು. ಗೆಳೆಯ ನನ್ನ ಕಡೆ ನೋಡಿದ. ನಾನು ಹೂಂ ಅಂದೆ. ಯಾಕೆ ಅಂದೆನೋ ದೇವರೇ ಬಲ್ಲ.

ಆ ಕ್ಯಾಸೆಟ್ ಹಬ್ಬಿದ ಪರಿ ಏನು ಹೇಳಲಿ! ಆಟೋದಲ್ಲಿ ಅದೇ, ಹುಲಸೂರಿನ ಬಸ್ಸಿನಲ್ಲಿ ಅದೇ, ಮುಂದೆ ಮೊಬೈಲು ಬಂದ ಮೇಲೆ ರಿಂಗ್‌ಟೋನೂ ಅದೇ. ಅವನನ್ನು ಕಂಡರೆ ಓಣಿಯ ಮಕ್ಕಳು "ಯಾ-ಯಾ!" ಎಂದು ಕೂಗಿ ಬೆನ್ನು ಹತ್ತುತ್ತಿದ್ದರು. ಅದೇ ಹೆಸರು, ಅದೇ ಕೂಗು. ಶಾಲೆಯಲ್ಲಿದ್ದಾಗ ಹಾಗೆ ಕೂಗಿದವರಿಗೆ ಕಲ್ಲು ತೂರುತ್ತಿದ್ದ ನಾನು ಈಗ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಪೆದ್ದನಂತೆ ನಿಲ್ಲುತ್ತಿದ್ದೆ. ಅವನು ಪೇಟೆಯಲ್ಲಿ ಕಾಯಿಪಲ್ಲೆ ದರ ಕೇಳಿದರೂ ಅಂಗಡಿಯವನು, "ಮತ್ತೊಮ್ಮೆ ಅನ್ರಿ ಸಾಹೇಬ್ರ" ಎಂದು ನಗುತ್ತಿದ್ದ. ಅವನಿಗೆ ನಿಜವಾಗಿ ಉಗ್ಗು ಇದೆ ಎಂಬುದನ್ನೇ ಊರು ಮರೆತುಬಿಟ್ಟಿತು.

ಪಂಕ್ ಅಂದರೆ ಫ್ಯಾನಲ್ಲ, ಸಿಟ್ಟಿನ ಒಂದು ಬಗೆಯ ಸಂಗೀತ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಇಂಟರ್‌ನೆಟ್ ಅಂಗಡಿಯಲ್ಲಿ. ಆ ಪರದೇಶದವರೂ ಹೆಸರಾದ ಮೇಲೆ ಹಳೆಯ ಅಭಿಮಾನಿಗಳಿಂದ ಬೈಸಿಕೊಂಡರಂತೆ, ನೀವು ಈಗ ಮೊದಲಿನವರಾಗಿ ಉಳಿದಿಲ್ಲ ಎಂದು. ನಾವಾದರೂ ಮೊದಲಿನವರಾಗಿ ಉಳಿದಿದ್ದೆವೋ ಇಲ್ಲವೋ? ಗೆಳೆಯನನ್ನು ಕೇಳಿದರೆ, "ನನಗೂ ತಿ-ತಿಳಿಯವಲ್ದು" ಅಂದ. ಹಾಗೆ ಅಂದಾಗ ಅವನು ಬೇಕೆಂದೇ ಉಗ್ಗಿದನೇನೋ ಎಂಬ ಅನುಮಾನ ನನಗೇ ಬಂತು. ಥೂ, ನನ್ನ ಬುದ್ಧಿಗಿಷ್ಟು!

ಅವನ ನಿಕಾಹ ಹುಮನಾಬಾದಿನಲ್ಲಿ. ಮುಖ ಮುಚ್ಚಿದ ಹೂವಿನ ಸೆಹರಾದೊಳಗಿನಿಂದ ಅವನು ನನ್ನ ಕೈ ಹಿಡಿದುಕೊಂಡ.

"ಇದು ಹಾ-ಹಾಡಲ್ಲಲೇ."

"ನಾ ಇದ್ದೀನಿ, ಹೋಗು" ಅಂದೆ.

ಖಾಜಿಯವರು ಒಪ್ಪಿಗೆ ಕೇಳಿದರು. ಮಂಟಪವೆಲ್ಲ ಗಪ್ಪಾಯಿತು. ಅವನ ಗಂಟಲಿನ ನರ ಉಬ್ಬಿತು.

"ಕು-ಕು-ಕುಬೂಲ್..."

ಹಿಂದಿನಿಂದ ಒಬ್ಬ ಸೀಟಿ ಹೊಡೆದ. ಇನ್ನೊಬ್ಬ "ವನ್ಸ್ ಮೋರ್!" ಅಂದ. ಆಮೇಲೆ ಇಡೀ ಮಂಟಪ ನಕ್ಕಿತು. ಕೆಟ್ಟ ನಗುವಲ್ಲ, ಪ್ರೀತಿಯ ನಗು. ಅದಕ್ಕೇ ಯಾರ ಮೇಲೆ ಏರಿ ಹೋಗಬೇಕೋ ತಿಳಿಯಲಿಲ್ಲ. ಇನ್ನೂ ಎರಡು ಸಲ ಅನ್ನುವುದು ಬಾಕಿ ಇತ್ತು. ಅವನು ಸೆಹರಾ ಸರಿಸಿ ನನ್ನನ್ನು ಹುಡುಕಿದ.

ನನ್ನ ಹಲ್ಲೂ ಕಾಣುತ್ತಿದ್ದವು.